ಪ್ರಶ್ನೆ ಹನ್ನೊಂದು

ಭದ್ರಾವತಿಯ ಹಳೇನಗರದ ಶಾಲೆ, ಎಂಟನೇ ಕ್ಲಾಸು.
ಲೋಹಿತ ಪೆನ್ನು ಕಚ್ಚಿಕೊಂಡು ಕೂತಿದ್ದಾನೆ.
"ಮೊದಲ ಸಲ ಮದ್ಯ ಸೇವಿಸಿದಾಗ ನಿನ್ನ ವಯಸ್ಸೆಷ್ಟು?"

"ಮಿಸ್, ನೆಕ್ಕಿದ್ದು ಲೆಕ್ಕಕ್ಕೆ ಬರುತ್ತಾ?"

ಹಿಂದಿನ ಬೆಂಚು ನಕ್ಕಿತು.
ನಾನು ಫಾರಂ ತಿರುಗಿಸಿ ನೋಡಿದೆ, ಹಿಂದೆ ಏನೂ ಇರಲಿಲ್ಲ.

ಶೀತ ಕಟ್ಟಿದಾಗ ಅಜ್ಜಿ ಬ್ರಾಂದಿಗೆ ಬೆರಳದ್ದಿ
ಬಾಯಿಗಿಟ್ಟಳಂತೆ. ಅದು ಅವನಿಗೆ ನೆನಪಿಲ್ಲ.
ನೆನಪಿರುವುದು ಮಾವನ ಮದುವೆಯ ಬೀಗರೂಟ,
ಶಾಮಿಯಾನದ ಹಿಂದೆ ಲೋಟದ ತಳದಲ್ಲಿ ಉಳಿದ ಒಂದು ಗುಟುಕು:
"ಹಾಕೋ ಮರಿ, ಮೀಸೆ ಬರುತ್ತೆ."
ಕೆಮ್ಮಿದ. ಎಲ್ಲರೂ ಚಪ್ಪಾಳೆ ತಟ್ಟಿದರು.
"ತಾಲ್ಲೂಕಿಗೆ ಓಡಿ ಫಸ್ಟ್ ಬಂದೆನಲ್ಲ ಮಿಸ್,
ಅವತ್ತು ಯಾರೂ ಬಂದಿರಲಿಲ್ಲ."

ಚಪ್ಪಾಳೆಗೆ ಫಾರಮಿನಲ್ಲಿ ಚೌಕವಿಲ್ಲ.

ಅಂಗಡಿಯ ಸರಳಿನ ಸಂದಿಗೆ ಸಣ್ಣ ಕೈಯೇ ಸಲೀಸು.
ಅಪ್ಪನ ಹೆಸರು ಹೇಳಿದರೆ ತೊಂಬತ್ತರ ಪೊಟ್ಟಣ,
ಚಿಲ್ಲರೆಯ ಬದಲು ಒಂದು ಚಾಕಲೇಟು.
ಪೊಟ್ಟಣದ ಮೂಲೆ ಕತ್ತರಿಸುವುದು ಇವನ ಕೆಲಸ,
ಕತ್ತರಿಸಿದ ತುಣುಕಿನಲ್ಲಿ ಎರಡು ಹನಿ ಇವನ ಪಾಲು.
ಅವ್ವ ಗಾರ್ಮೆಂಟ್ಸಿನ ವ್ಯಾನಿಳಿದು ಬರುವ ತನಕ
ಅದೊಂದೇ ಹೊತ್ತು ಅಪ್ಪ ಮಾತಾಡುವುದು:
ಕರಗಿದ ಕಬ್ಬಿಣ ಅಚ್ಚಿಗಿಳಿಯುವಾಗ
ನಡುರಾತ್ರಿ ಆ ಬೆಳಕಿನಲ್ಲಿ
ಪೇಪರು ಓದಬಹುದಿತ್ತಂತೆ.

"ಅಪ್ಪ ಒಳ್ಳೇವ್ರು ಮಿಸ್, ಹೊಡೆಯಲ್ಲ,"
ನಾನು ಕೇಳಿರಲಿಲ್ಲ.

ಬೆಲ್ಲು ಹೊಡೆಯಿತು. ಚೌಕದಲ್ಲಿ ಗುಂಡಗೆ ಬರೆದಿದ್ದ:
ಅಜ್ಜಿಗೆ ಗೊತ್ತು.

ಮೊನ್ನೆ ಭಾನುವಾರ ನಮ್ಮ ಹಾಲಿನಲ್ಲಿ
ಗಂಡನ ಗೆಳೆಯರು ನಾಲ್ಕು ಜನ.
ಒಂದನೇ ಕ್ಲಾಸಿನ ನನ್ನ ಮಗಳು ಇಕ್ಕಳದಲ್ಲಿ ಐಸು ಹಿಡಿದು
ಒಬ್ಬೊಬ್ಬರ ಲೋಟಕ್ಕೂ ಬಿಟ್ಟಳು, ಒಂದೂ ಬೀಳಿಸದೆ.
ಆರು ವರ್ಷಕ್ಕೇ ಎಂಥ ಜಾಣೆ ಅಂದರು.
ಬಾಗಿಲಲ್ಲಿ ನಿಂತು ನಾನೂ ಹಿಗ್ಗಿದೆ,
ಸುಳ್ಳು ಯಾಕೆ ಹೇಳಲಿ.

ನಿನ್ನೆ ಸಂಜೆ ಶಿವಮೊಗ್ಗದ ಆಫೀಸಿಂದ ಫೋನು:
"ಮೇಡಂ, ಹನ್ನೊಂದರಲ್ಲಿ ಅಕ್ಷರ ಇದೆ,
ಕಂಪ್ಯೂಟರ್ ತಗೊಳ್ತಿಲ್ಲ. ಯಾವುದಾದ್ರೂ ಒಂದು ಅಂಕಿ ಹೇಳಿ."
ಫ್ರಿಜ್ಜಿನ ಮುಂದೆ ಸ್ಟೂಲು ಹತ್ತಿ ಮಗಳು
ಐಸಿನ ತಟ್ಟೆಗೆ ನೀರು ತುಂಬುತ್ತಿದ್ದಳು,
ನಾಲಿಗೆ ಹೊರಗಿಟ್ಟು, ಒಂದೊಂದೇ ಗುಳಿ.

"ಆರು," ಅಂದೆ.
"ಆರು ಅಂತ ಹಾಕಿಕೊಳ್ಳಿ."