ಗೋಡೆಗೆ ಗ್ಯಾರಂಟಿ

ಮೊದಲು ನಾಲಗೆಯ ತುದಿ ಗೋಡೆಗೆ ತಾಗಿಸಿ ನೋಡುತ್ತೇನೆ.
ಅಪ್ಪ ಕಲಿಸಿದ್ದು. ಹೋಟೆಲಿನ ಮ್ಯಾನೇಜರು
ಮುಖ ತಿರುಗಿಸಿ ಸಾದು ನದಿ ನೋಡುತ್ತಾನೆ.

ಉಪ್ಪು. ಇನ್ನೂ ಇದೆ.

ಇಲ್ಲಿ ಸೂರು ಮುಟ್ಟುವಷ್ಟು ಉಪ್ಪು ಸುರಿದಿರುತ್ತಿದ್ದರಂತೆ,
ನಾರ್ವೆಯ ಹಡಗು ಬರುವ ತನಕ.
ಆಮೇಲೆ ಅದೇ ನೆಲದ ಮೇಲೆ ಸಾರ್ಡೀನ್ ಕಾರ್ಖಾನೆ.
ದೋಣಿ ಬಂತೆಂದರೆ ಸೈರನ್ನು, ನಡುರಾತ್ರಿಯಾದರೂ ಸರಿ,
ಅಜ್ಜಿ ಫ್ಲೊರಿಂಡ ಮಗುವಿನ ಬಾಯಿಂದ ಮೊಲೆ ಬಿಡಿಸಿಕೊಂಡು
ಓಡುತ್ತಿದ್ದಳು, ಕತ್ತರಿ ಸೊಂಟಕ್ಕೆ ಸಿಕ್ಕಿಸಿ.

ಅದೂ ಮುಚ್ಚಿತು. ಎಪ್ಪತ್ತೈದರಲ್ಲಿ
ಅಂಗೋಲದಿಂದ ಬಂದವರನ್ನು ತಂದು ಇಳಿಸಿದರು.
ಹಗ್ಗಕ್ಕೆ ಕಂಬಳಿ, ಕಂಬಳಿಗೊಂದು ಸಂಸಾರ.
ನಾನಾಗ ಅಪ್ಪನ ಗಾರೆ ಬಕೆಟ್ಟು ಹೊರುವ ಹುಡುಗ.
ಜುದೀತ್ ಎಂಬಾಕೆ ಒಂದು ಮೊಳೆ ಕೇಳಿದಳು,
ಬಿಟ್ಟುಬಂದ ಮನೆಯ ಬೀಗದ ಕೈ ತೂಗುಹಾಕಲು.
ಹೊಡೆದುಕೊಟ್ಟೆ.
ಮಳೆಗಾಲ ಕಳೆಯುವಷ್ಟರಲ್ಲಿ ಮೊಳೆ ತುಕ್ಕು ತಿಂದು ಉದುರಿತು.

ಈಗ ಆ ಜಾಗದಲ್ಲಿ ಜೋಡಿ ಮಂಚ, ನದಿಗೆ ಮುಖ,
ಒಂದು ರಾತ್ರಿಗೆ ನನ್ನ ಎರಡು ವಾರದ ಕೂಲಿ.
ತಲೆದಿಂಬಿನ ಹತ್ತಿರ ಗೋಡೆಗೆ ಬಿಳಿ ಮೀಸೆ ಬಂದಿದೆ.

"ಕಾಯಂ ಪರಿಹಾರ ಬೇಕು, ಸೆನ್ಯೋರ್ ಫಿರ್ಮಿನು.
ಹತ್ತು ವರ್ಷದ ಗ್ಯಾರಂಟಿ."

ಉಪ್ಪು ತಿಂದ ಗೋಡೆ ಸ್ವಾಮಿ, ನೀರು ಕುಡಿಯಲೇಬೇಕು,
ಮಂಜಿನದೋ, ಮಲಗಿದವರ ಉಸಿರಿನದೋ.

ಎರಡು ವರ್ಷ ಎಂದು ಬರೆದುಕೊಟ್ಟೆ. ಸುಣ್ಣ ಕಲೆಸಿದೆ.
ಹಳೆ ಗಾರೆ ಕೆರೆಯುತ್ತಿದ್ದರೆ ಒಳಗೊಂದು ಸಣ್ಣ ತೂತು,
ಸುತ್ತ ಕಂದು ಕಲೆ, ನನ್ನ ಆಗಿನ ಎತ್ತರಕ್ಕೆ ಸರಿಯಾಗಿ.

ಅದೊಂದನ್ನು ತುಂಬಲು ಕೈ ಏಳಲಿಲ್ಲ.
ಊಟ ಮುಗಿಸಿ ಬಂದು ತುಂಬಿದೆ.