ಮುಂಚಕ್ರಕ್ಕೆ ಮಣೆ

ಬಂದರಿನ ಪುತ್ತುಬಾವ ಹೇಳಿದ್ದರು,
ವಾಲ್ವಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ:
"ಟ್ರೈನರಿಗೆ ಅಂತ ಬೇರೆ ಟಯರು ಉಂಟು ಮಾರಾಯ್ರೆ,
ಮೂರು ಸಾವಿರ ಚಿಲ್ಲರೆ. ನಿಮಗೆ ಯಾಕೆ ಅದು?
ಹಳತೇ ಇರಲಿ. ಒಂದು ಮಾತು ಮಾತ್ರ,
ಅಲ್ಲಿ ಅರೆದದ್ದನ್ನು ಮತ್ತೆ ರಸ್ತೆಗೆ ತರಬೇಡಿ.
ತಿರುವಿನಲ್ಲಿ ಕೈ ಕೊಡುತ್ತದೆ."

ಹಾಗೆ, ಹಳತೇ ಇತ್ತು.
ಕೂಳೂರು ಸೇತುವೆಯ ಗಾಜಿನ ಚೂರು ತಿಂದು ಅರಗಿಸಿಕೊಂಡದ್ದು,
ಮೂಲ್ಕಿ, ಪಡುಬಿದ್ರಿ, ಒಮ್ಮೆ ಕಾಪುವಿನ ದೀಪಸ್ತಂಭದ ತನಕ
ಹೋಗಿ, ಆಫೀಸಿನ ಹೊತ್ತಿಗೆ ತಿರುಗಿ ಬಂದದ್ದು,
ಟ್ಯಾಂಕರು ಉಜ್ಜಿಕೊಂಡು ಹೋದ ದಿನ
ನಾನು ಬಿದ್ದಲ್ಲೇ ಬಿದ್ದಿದ್ದಾಗ
ಗಾಳಿಯಲ್ಲಿ ಇನ್ನೂ ತಿರುಗುತ್ತಲೇ ಇದ್ದದ್ದು.

ಮೊಣಕೈಯೊಳಗೆ ಸ್ಟೀಲು ಪ್ಲೇಟು, ಆರು ಸ್ಕ್ರೂ.
ಬಾಲ್ಕನಿಯಲ್ಲಿ ಬಟ್ಟೆಯ ಹಗ್ಗ, ಬಕೆಟು, ಬಸಳೆಯ ಕುಂಡ,
ನಡುವೆ ಸೈಕಲ್ಲು,
ಹಾಲು ಕರೆಯುವಾಗ ಹಿಂಗಾಲು ಕಟ್ಟಿದ ದನದ ಹಾಗೆ.
ಹಿಂದೆ ಎತ್ತರ, ಮುಂದೆ ತಗ್ಗು; ಸಮ ಬರಲಿ ಎಂದು ಮುಂಚಕ್ರದಡಿಗೆ
ಅತ್ತೆಯ ಕಾಲದ ಊಟದ ಮಣೆ ಇಟ್ಟೆ.
ಕೆಲಸ ಮಾಡದವರಿಗೇ ಮಣೆ ಹಾಕುವುದು
ನಮ್ಮ ಆಫೀಸಿನಲ್ಲಿ ಹೊಸತೇನಲ್ಲ.

ಐದು ಗಂಟೆ. ನೂರು ಪೌಂಡು ಗಾಳಿ,
ಹೆಬ್ಬೆರಳಿಂದ ಒತ್ತಿ ನೋಡಿ,
ಉರುಳೆಯ ತಿರುಪು ಎರಡು ಸುತ್ತು ಬಿಗಿ.
ಸಡಿಲಾದರೆ ಜಾರಿ ಚೀರುತ್ತದೆ,
ಹೆಚ್ಚಾದರೆ ಬಿಸಿಯೇರಿ ಸುಟ್ಟ ವಾಸನೆ,
ಮಗಳು ನಿದ್ದೆಯಲ್ಲೇ "ಅಮ್ಮಾ, ಕುಕ್ಕರು" ಅನ್ನುತ್ತಾಳೆ.

ಕೆಳಗಿನ ಮನೆಯ ಸೆವ್ರಿನ್ ಬಾಯಿ ಮೆಟ್ಟಿಲಲ್ಲಿ ತಡೆದು ಕೇಳಿದರು:
"ದಿನಾ ಬೆಳಿಗ್ಗೆ ಎಂಥ ಅರೆಯುವುದು ನೀನು?
ಸಾನ್ನಾಂ ಹಿಟ್ಟಿಗೂ ಇಷ್ಟು ಹೊತ್ತು ಬೇಡ ಮಾರಾಯ್ತಿ."
ಅರೆಯುವುದೇ ಹೌದು ಬಾಯಿ.
ಬಿಳಿ ಟೈಲ್ಸಿನ ಮೇಲೆ ಕಪ್ಪು ಹುಡಿ ನೋಡಿ,
ಹಿಡಿಸೂಡಿಗೆ ಸಿಗುವುದಿಲ್ಲ,
ಒದ್ದೆ ಬಟ್ಟೆಗೆ ಅಂಟಿದರೆ ಬಿಡುವುದಿಲ್ಲ.

ಮೀಟರು ಇರುವುದು ಮುಂಚಕ್ರದಲ್ಲಿ.
ಅದರ ಲೆಕ್ಕದಲ್ಲಿ ಫೆಬ್ರವರಿಯಿಂದ ನಾನು ಎಲ್ಲಿಗೂ ಹೋಗಿಲ್ಲ.
೪,೨೧೬. ನಿನ್ನೆಯೂ ೪,೨೧೬.
ಅದರ ಗೀರುಗಳಲ್ಲಿ ಕಿನ್ನಿಗೋಳಿಯ ಕೆಂಪು ಮಣ್ಣು
ಒಣಗಿ ಹಾಗೆಯೇ ಉಂಟು.
ಹಿಂದಿನದರ ನಡುನೆತ್ತಿ ಸಪಾಟು,
ಬೆರಳಾಡಿಸಿದರೆ ಒಂದು ಬೋಳು ಓಣಿ,
ಎಲ್ಲಿಗೂ ಹೋಗದೆ ಸವೆದದ್ದು.

ಡಾಕ್ಟರು ಏಪ್ರಿಲಿನಲ್ಲೇ "ಇನ್ನು ಹೊರಗೆ ಹೋಗಬಹುದು" ಅಂದಿದ್ದರು.
ಯಾರಿಗೂ ಹೇಳಲಿಲ್ಲ ನಾನು.
ಮಳೆ ಬರಲಿ ಎಂದು ಕಾದೆ, ಒಳ್ಳೆಯ ನೆಪ ಅದು.
ಬಂತು, ಹೋಯಿತು.
ಚೌತಿ ಆಯಿತು, ಮೊಂತಿ ಹಬ್ಬವೂ ಆಯಿತು.

ನಿನ್ನೆ ಐದೂ ಮುಕ್ಕಾಲಕ್ಕೆ, ಕೊನೆಯ ಎರಡು ನಿಮಿಷ
ಹಲ್ಲು ಕಚ್ಚಿ ತುಳಿಯುತ್ತಿರುವಾಗ
ಬೋಳು ಓಣಿಯಿಂದ ಬಿಳಿ ನೂಲು ಇಣುಕಿ,
ಢಂ!
ಗರ್ನಾಲೆಂದು ಎದುರು ಮನೆಯ ನಾಯಿ ಮಂಚದಡಿ,
ಮಾಳಿಗೆ ಮಾಳಿಗೆಗೂ ದೀಪ,
ಸೆವ್ರಿನ್ ಬಾಯಿ ಜಪಸರ ಹಿಡಿದೇ ಮೇಲೆ ಬಂದರು.
ನಾನು ಸೀಟಿನ ಮೇಲೆಯೇ ಇದ್ದೆ. ಬೀಳಲಿಲ್ಲ.
ಬೀಳಲು ಜಾಗವಾದರೂ ಎಲ್ಲಿ?
"ಮನೆಯೊಳಗೆ ಪಂಕ್ಚರಾ?" ಅಂದರು ಬಾಯಿ,
ಮತ್ತೆ ನಗಲು ಸುರು ಮಾಡಿದವರು ನಿಲ್ಲಿಸಲೇ ಇಲ್ಲ.

ಪುತ್ತುಬಾವರಿಗೆ ಹೇಳಿದೆ,
ಎರಡಕ್ಕೂ ಆಗುವಂಥದ್ದು ಕೊಡಿ, ಒಳಗೆ, ಹೊರಗೆ.
"ಹಾಗಿನದ್ದು ಮಾಡುವುದಿಲ್ಲ ಅವರು," ಅಂದರು.
ರಸ್ತೆಯದ್ದೇ ತಂದೆ. ಮೊಳೆಗೆ ತೂಗುಹಾಕಿದ್ದೇನೆ,
ಮೈಮೇಲೆ ರಬ್ಬರಿನ ಎಳೆಗೂದಲು ಹಾಗೇ ಇವೆ.

ರಾತ್ರಿ ಮಗಳು ಮಣೆ ಎಳೆದುಕೊಂಡು ಊಟಕ್ಕೆ ಕೂತಳು.
ಎದ್ದಾಗ ಬಿಳಿ ಲಂಗದ ಹಿಂದೆ ಉದ್ದಕ್ಕೆ ಕೆಂಪು ಗೆರೆ.
"ಎಲ್ಲಿಗೆ ಹೋಗಿದ್ದೆಯೇ ಮಣ್ಣಲ್ಲಿ?"
ಗದರಿಸಿದೆ,
ಗದರಿಸಿದ ಮೇಲೆ ಮಣೆ ನೋಡಿದೆ.