ಹುಲ್ಲಿನ ತೋಟ

ರೈ ಹುಲ್ಲನ್ನು ರಾತ್ರಿಯೇ ನೆನೆಹಾಕಿದ್ದಳು ಅಜ್ಜಿ,
ಸ್ನಾನದ ತೊಟ್ಟಿಯಲ್ಲಿ.
ಹಾಗಾಗಿ ಇವತ್ತು ಯಾರಿಗೂ ಸ್ನಾನವಿಲ್ಲ.

ಕ್ರಿಸ್ಮಸ್ಸಿಗೆ ಇನ್ನು ಮೂರೇ ದಿನ.
ಮೇಜಿನ ಸುತ್ತ ಆರು ಜನ, ನಾಲ್ಕು ಕತ್ತರಿ,
ಒಂದೇ ಒಂದು ಒಳ್ಳೆಯ ಸೂಜಿ.
ಹೊರಗೆ ಲಿಥುವೇನಿಯಾದ ಡಿಸೆಂಬರ್, ನಾಲ್ಕಕ್ಕೇ ಕತ್ತಲು.

‘ಗೆಣ್ಣು ಬಿಟ್ಟು ಕತ್ತರಿಸಿ, ಗೆಣ್ಣಿನೊಳಗೆ ದಾರ ಹೋಗದು’
ಎನ್ನುತ್ತಾಳೆ ಅಜ್ಜಿ. ಕಣ್ಣು ಕಾಣದು ಅವಳಿಗೆ,
ಕಡ್ಡಿ ಸೀಳಿದ ಸದ್ದಿಗೇ ಕಳ್ಳನನ್ನು ಹಿಡಿಯುತ್ತಾಳೆ:
‘ಅದು ವೈದೋತಸ್.’
ಹೌದು, ನನ್ನ ತಮ್ಮನೇ.

ಅಪ್ಪ, ನಿಯೋಲೆ ಅತ್ತೆ ಮಾತು ಬಿಟ್ಟು ವರ್ಷವಾಯಿತು.
ಯಾವುದೋ ದೋಣಿಯ ವಿಷಯ. ನಮಗೆ ಹೇಳುವುದಿಲ್ಲ.
ಬಸ್ಸು ಓಡಿಸುವ ಅಪ್ಪನ ದಪ್ಪ ಬೆರಳಿಗೆ
ಸೂಜಿಯ ಕಣ್ಣು ಸಿಗದೆ, ಮೂರು ಸಲ, ನಾಲ್ಕು ಸಲ...
ಅತ್ತೆ ಕಿತ್ತುಕೊಂಡಳು. ದಾರದ ತುದಿ ನೆಕ್ಕಿದಳು. ಪೋಣಿಸಿದಳು.
ಮುಖ ನೋಡದೆ ಕೊಟ್ಟಳು.

ತ್ರಿಕೋನಕ್ಕೆ ತ್ರಿಕೋನ, ಒಳಗೆ ಬರೀ ಗಾಳಿ.
ಊಟದ ಮೇಜಿನ ಮೇಲೆ ತೂಗುಹಾಕಿದಾಗ
ಒಂದು ಪಕ್ಕಕ್ಕೆ ವಾಲಿತು ನಮ್ಮ ತೋಟ.
ಯಾರೂ ಸರಿಮಾಡಲಿಲ್ಲ.

ಉಸಿರು ತಾಗಿದರೂ ತಿರುಗುತ್ತದೆ ಅದು.
‘ಉಪ್ಪು ಕೊಡು’ ಅಂದ ಅಪ್ಪ, ಅತ್ತೆಗೆ.

ತಿರುಗಿತು.